ಹಿರಿಯರ ಕೈಗೆ ಇ-ಪುಸ್ತಕ ಕೊಡುವ ಮುನ್ನ

ನಿಮ್ಮ ಮನೆಯ ಹಿರಿಯರು ಓದುವುದನ್ನು ಯಾವಾಗ ನಿಲ್ಲಿಸಿದರು? ಹೆಚ್ಚಿನ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಏಕೆಂದರೆ ಯಾರೂ ಒಂದೇ ದಿನದಲ್ಲಿ ಓದು ಬಿಡುವುದಿಲ್ಲ. ಮೊದಲು ಪತ್ರಿಕೆಯ ಒಳಪುಟಗಳು ಹೋಗುತ್ತವೆ, ದಪ್ಪಕ್ಷರದ ತಲೆಬರಹಗಳಷ್ಟೇ ಉಳಿಯುತ್ತವೆ. ಆಮೇಲೆ ಮದುವೆಯ ಕಾರ್ಡನ್ನು ಮೊಮ್ಮಗಳ ಕೈಗಿತ್ತು "ಏನು ಬರೆದಿದ್ದಾರೆ ನೋಡಮ್ಮಾ" ಎನ್ನುತ್ತಾರೆ. ಮಾತ್ರೆಯ ಹಾಳೆಯನ್ನು ಬಣ್ಣ ನೋಡಿ ಗುರುತಿಸತೊಡಗುತ್ತಾರೆ. ಕೊನೆಗೆ ಫಜ್ರ್ ನಮಾಝ್‌ನ ಬಳಿಕ ಕುರ್‌ಆನ್ ತೆರೆಯುವ ಅಭ್ಯಾಸವೂ ನಿಂತು, ಬಾಯಿಪಾಠವಿರುವ ಕೆಲವು ಸೂರಾಗಳಿಗೆ ಬಂದು ನಿಲ್ಲುತ್ತದೆ. ಮನೆಯವರು "ವಯಸ್ಸಾಯಿತಲ್ಲ" ಎಂದು ಸುಮ್ಮನಾಗುತ್ತಾರೆ.

ಈಗ ಇದಕ್ಕೊಂದು ಹೊಸ ಪರಿಹಾರ ಬಂದಿದೆ. ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಇರುವ ಮಗ ರಜೆಗೆ ಬರುವಾಗ ಒಂದು ಟ್ಯಾಬ್ಲೆಟ್ ಅಥವಾ ಕಿಂಡಲ್‌ನಂಥ ಇ-ರೀಡರ್ ತಂದು ಅಬ್ಬಾ ಅವರ ಕೈಗೆ ಇಡುತ್ತಾನೆ. ಬೆರಳಾಡಿಸಿದರೆ ಅಕ್ಷರ ಅವರೆಕಾಳಿನಷ್ಟು ದೊಡ್ಡದಾಗುತ್ತದೆ. ಹಿರಿಯರಿಗೆ ಖುಷಿ, ಮಗನಿಗೂ ಖುಷಿ. ಇದು ಒಳ್ಳೆಯ ಸಾಧನವೇ. ಆದರೆ ಅದನ್ನು ಕೊಡುವ ಮೊದಲು ಮಾಡಬೇಕಾದ ಒಂದು ಕೆಲಸವಿದೆ. ಅದನ್ನು ಬಿಟ್ಟು ಅಕ್ಷರವನ್ನಷ್ಟೇ ದೊಡ್ಡದು ಮಾಡಿಕೊಟ್ಟರೆ ಹಿರಿಯರ ಕಣ್ಣಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಬಹುದು. ಅಕ್ಷರ ಕಾಣದಿರುವುದು ಒಂದು ಲಕ್ಷಣ. ಅದರ ಹಿಂದಿನ ಕಾರಣ ಗುಣಪಡಿಸಬಹುದಾದ ಕಾಯಿಲೆಯಾಗಿದ್ದರೆ, ದೊಡ್ಡ ಅಕ್ಷರ ಆ ಕಾಯಿಲೆಯನ್ನು ಇನ್ನೂ ಎರಡು ವರ್ಷ ಮುಚ್ಚಿಡುತ್ತದೆ.

ಕಣ್ಣಿನಲ್ಲಿ ಆಗುವುದೇನು?

ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ತನ್ನ ಮೃದುತ್ವವನ್ನು ಕಳೆದುಕೊಳ್ಳುತ್ತ ಬರುತ್ತದೆ. ಹತ್ತಿರದ್ದನ್ನು ನೋಡಲು ಅದು ಉಬ್ಬಬೇಕು. ಗಟ್ಟಿಯಾದ ಮಸೂರ ಉಬ್ಬುವುದಿಲ್ಲ. ಆದ್ದರಿಂದಲೇ ಪತ್ರಿಕೆಯನ್ನು ತೋಳು ಚಾಚಿ ದೂರ ಹಿಡಿಯುವುದು. ಇದನ್ನು ನಮ್ಮಲ್ಲಿ 'ಚಾಳೀಸು' ಎಂದೇ ಕರೆಯುತ್ತಾರೆ. ಇದು ಕಾಯಿಲೆಯಲ್ಲ, ಎಲ್ಲರಿಗೂ ಬರುವಂಥದ್ದು. ಓದುವ ಕನ್ನಡಕ ಸಾಕು. ಅರವತ್ತು, ಅರವತ್ತೈದರವರೆಗೆ ಅದರ ಪವರ್ ಸ್ವಲ್ಪ ಸ್ವಲ್ಪವಾಗಿ ಏರುತ್ತಾ ಹೋಗಿ ಆಮೇಲೆ ಹೆಚ್ಚುಕಡಿಮೆ ನಿಲ್ಲುತ್ತದೆ. ಹತ್ತು ವರ್ಷದ ಹಿಂದೆ ಸಂತೆಯಲ್ಲಿ ಕೊಂಡ ರೆಡಿಮೇಡ್ ಕನ್ನಡಕವನ್ನೇ ಇಂದಿಗೂ ಹಾಕುತ್ತಿದ್ದರೆ ಅಕ್ಷರ ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ. ಅಂಥ ಕನ್ನಡಕದಲ್ಲಿ ಎರಡೂ ಕಡೆ ಒಂದೇ ಪವರ್ ಇರುತ್ತದೆ. ನಮ್ಮ ಎರಡು ಕಣ್ಣುಗಳು ಹಾಗಿರಬೇಕೆಂದಿಲ್ಲ.

ಎರಡನೆಯದು ಬೆಳಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಅರವತ್ತರ ವಯಸ್ಸಿನವರ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕು ಇಪ್ಪತ್ತರ ಯುವಕನಿಗೆ ತಲುಪುವುದರ ಸುಮಾರು ಮೂರನೇ ಒಂದು ಭಾಗ ಮಾತ್ರ. ಸೊಸೆಗೆ ಸಾಕೆನಿಸುವ ಬಲ್ಬಿನ ಬೆಳಕಿನಲ್ಲಿ ಅತ್ತೆಗೆ ಪುಟ ಮಸುಕಾಗಿ ಕಾಣುವುದು ಹೀಗೆ. ಎಷ್ಟೋ ಮನೆಗಳಲ್ಲಿ ಹಿರಿಯರ ಮಂಚದ ತಲೆಭಾಗಕ್ಕೆ ಒಂದು ಒಳ್ಳೆಯ ಎಲ್‌ಇಡಿ ದೀಪ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ದೀಪ ಹೆಗಲ ಹಿಂದಿನಿಂದ, ಪುಟದ ಮೇಲೆ ಬೀಳುವಂತಿರಲಿ, ಕಣ್ಣಿಗೆ ಹೊಡೆಯುವಂತಿರಬಾರದು.

ಇನ್ನು ನಿಜವಾದ ಕಾಯಿಲೆಗಳು. ಕಣ್ಣಿನ ಪೊರೆ ಎಲ್ಲರಿಗೂ ಗೊತ್ತು. ಆದರೆ ಅದರ ಒಂದು ಮೋಸದ ಹಂತ ಬಹಳ ಮಂದಿಗೆ ಗೊತ್ತಿಲ್ಲ. ಮಸೂರದ ನಡುಭಾಗದಲ್ಲಿ ಪೊರೆ ಬೆಳೆಯತೊಡಗಿದಾಗ ಕೆಲವರಿಗೆ ಇದ್ದಕ್ಕಿದ್ದಂತೆ ಕನ್ನಡಕವಿಲ್ಲದೆಯೇ ಹತ್ತಿರದ ಅಕ್ಷರ ಕಾಣತೊಡಗುತ್ತದೆ. "ನೋಡು, ಎಪ್ಪತ್ತರಲ್ಲೂ ನನಗೆ ಕನ್ನಡಕ ಬೇಡ, ಅಲ್‌ಹಮ್ದುಲಿಲ್ಲಾಹ್" ಎಂದು ದಾದಿ ಹೆಮ್ಮೆಪಡುತ್ತಾರೆ. ಮನೆಯವರೂ ಸಂತೋಷಪಡುತ್ತಾರೆ. ಆದರೆ ಅದು ಪೊರೆ ಬಲಿಯುತ್ತಿರುವ ಸೂಚನೆ. ಕೆಲವು ಕಾಲದ ನಂತರ ಹತ್ತಿರದ್ದೂ ದೂರದ್ದೂ ಎರಡೂ ಮಂಜಾಗುತ್ತವೆ. ಹೋದ ಓದು ತಾನಾಗಿ ಮರಳಿ ಬಂದರೆ ಆಗಲೂ ಕಣ್ಣು ತೋರಿಸಿ.

ಸಕ್ಕರೆ ಕಾಯಿಲೆ ಇರುವವರಲ್ಲಿ ಹಿಂಪರದೆಯ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ಆರಂಭದಲ್ಲಿ ನೋವೂ ಇಲ್ಲ, ಮಂಜೂ ಇಲ್ಲ. ಆದ್ದರಿಂದ ಸಕ್ಕರೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಹಿಂಪರದೆ ಪರೀಕ್ಷಿಸಿಕೊಳ್ಳಬೇಕು. ಗ್ಲಾಕೋಮಾ ಇನ್ನೂ ಗುಟ್ಟಿನದು. ಅದು ಬದಿಯ ನೋಟವನ್ನು ಮೊದಲು ತಿನ್ನುತ್ತದೆ, ಓದುವ ನಡುನೋಟವನ್ನು ಕೊನೆಗೆ. ಹಾಗಾಗಿ ಟ್ಯಾಬ್ಲೆಟ್‌ನಲ್ಲಿ ಸರಾಗವಾಗಿ ಓದುವವರೂ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿರಬಹುದು. ಗ್ಲಾಕೋಮಾದಲ್ಲಿ ಹೋದ ನೋಟ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದಷ್ಟೇ. (ರಮಝಾನ್‌ನಲ್ಲಿ ಉಪವಾಸ ಮುರಿದೀತೆಂದು ಗ್ಲಾಕೋಮಾ ಹನಿಯನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಹಾಗೆ ಮಾಡಬೇಡಿ. ವೈದ್ಯರನ್ನೂ ನಿಮ್ಮ ಮಸೀದಿಯ ಇಮಾಮರನ್ನೂ ಮೊದಲೇ ಕೇಳಿ.) ಸಾಲುಗಳು ಅಲೆಯಂತೆ ಡೊಂಕಾಗಿ ಕಂಡರೆ, ಪದದ ನಡುವಿನ ಅಕ್ಷರವೇ ಮಾಯವಾದರೆ ಹಿಂಪರದೆಯ ನಡುಭಾಗ ಕೆಟ್ಟಿರಬಹುದು. ಇದ್ದಕ್ಕಿದ್ದಂತೆ ನೋಟ ಕುಂದಿದರೆ, ಕಣ್ಣು ಕೆಂಪಾಗಿ ವಿಪರೀತ ನೋಯತೊಡಗಿದರೆ ಮರುದಿನದವರೆಗೂ ಕಾಯಬಾರದು.

ಕೊಂಡಜ್ಜಿಯಿಂದ ಆಸ್ಪತ್ರೆಗೆ

ಕೆರೆ, ಗುಡ್ಡ, ಸ್ಕೌಟ್ಸ್ ಶಿಬಿರಗಳಿಂದ ಹೆಸರಾದ ಕೊಂಡಜ್ಜಿಯಂಥ ಊರಿನಲ್ಲಿ ಕಣ್ಣಿನ ವೈದ್ಯರು ಮನೆಯ ಪಕ್ಕದಲ್ಲಿಲ್ಲ. ಆದರೆ ಹರಿಹರವಾಗಲಿ ದಾವಣಗೆರೆಯಾಗಲಿ ಬಸ್ಸು ಹತ್ತಿ ಹೋಗಿ ಅದೇ ದಿನ ಮರಳುವಷ್ಟು ಹತ್ತಿರದಲ್ಲಿವೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಿವೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ನಮ್ಮ ದೇಶದಲ್ಲಿ 1976ರಲ್ಲೇ ಆರಂಭವಾಯಿತು. ಅದರ ಅಡಿಯಲ್ಲಿ ಪೊರೆ ಶಸ್ತ್ರಚಿಕಿತ್ಸೆ ಉಚಿತವಾಗಿ ನಡೆಯುತ್ತದೆ. ಶಿಬಿರ ಯಾವಾಗ, ಎಲ್ಲಿ ಎಂಬುದು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ, ಕೇಳಿ.

ಹಿರಿಯರು ಶಸ್ತ್ರಚಿಕಿತ್ಸೆಗೆ ಹಿಂದೇಟು ಹಾಕುವುದು ಹಣಕ್ಕಾಗಿ ಮಾತ್ರವಲ್ಲ. "ಕಣ್ಣಿಗೆ ನೀರು ಬೀಳಬಾರದಂತೆ, ವುಝೂ ಹೇಗೆ? ತಲೆ ಬಗ್ಗಿಸಬಾರದಂತೆ, ಸುಜೂದ್ ಹೇಗೆ?" ಎಂಬ ಅಳುಕು ಅವರೊಳಗೆ ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳದೆ "ರಮಝಾನ್ ಕಳೆಯಲಿ, ಬಕ್ರೀದ್ ಕಳೆಯಲಿ" ಎಂದು ಮುಂದೂಡುತ್ತಾರೆ. ನೀವೇ ಈ ಮಾತನ್ನು ಎತ್ತಿ. ಎಷ್ಟು ದಿನ ನೀರು ತಾಗಬಾರದು, ಎಷ್ಟು ದಿನ ಬಗ್ಗಬಾರದು ಎಂದು ವೈದ್ಯರಿಂದ ಕೇಳಿ ತಿಳಿದುಕೊಳ್ಳಿ. ಅಷ್ಟು ದಿನ ಕುರ್ಚಿಯಲ್ಲಿ ಕುಳಿತು ಸನ್ನೆಯಿಂದ ನಮಾಝ್ ಮಾಡುವ ವಿನಾಯಿತಿ ರೋಗಿಗೆ ಇದೆ. ವುಝೂವಿನ ವಿವರವನ್ನು ಇಮಾಮರು ಹೇಳುತ್ತಾರೆ. ಪೊರೆ ತೆಗೆದ ಮೇಲೆ ಕಣ್ಣೊಳಗೆ ಕೂರಿಸುವ ಕೃತಕ ಮಸೂರ ಸಾಮಾನ್ಯವಾಗಿ ದೂರದ ನೋಟಕ್ಕೆ ಹೊಂದಿಸಿದ್ದು. ಆದ್ದರಿಂದ ಓದಲು ಕನ್ನಡಕ ಮತ್ತೆ ಬೇಕಾಗುತ್ತದೆ. ಗಾಯ ಆರಿ ಪವರ್ ಒಂದು ಕಡೆ ನಿಲ್ಲಲು ಕೆಲವು ವಾರ ಬೇಕು. ಅಲ್ಲಿಯತನಕ "ಆಪರೇಷನ್ ಮಾಡಿಸಿದರೂ ಅಕ್ಷರ ಕಾಣುತ್ತಿಲ್ಲ" ಎಂದು ಕೊರಗುವ ಅಗತ್ಯವಿಲ್ಲ.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿದವರಿಗೆ ಇನ್ನೊಂದು ಮಾತು. ವರ್ಷಗಟ್ಟಲೆ ಬೆಂಕಿಯ ಝಳ, ಹೊಗೆಗಳ ಮುಂದೆ ಕುಳಿತ ಕಣ್ಣು ಒಣಗಿ ಉರಿಯುವುದು ಹೆಚ್ಚು. ಅಂಥವರಿಗೆ ಹೊಳೆಯುವ ಪರದೆ ಬೇಗ ಆಯಾಸ ತರುತ್ತದೆ. ಇದನ್ನೂ ವೈದ್ಯರಿಗೆ ಹೇಳಿ.

ಸಾಧನಗಳಲ್ಲಿ ಎರಡು ಬಗೆ

ಕಣ್ಣಿನ ಪರೀಕ್ಷೆ ಆಯಿತು, ಸರಿಯಾದ ಕನ್ನಡಕ ಬಂತು ಎಂದಿಟ್ಟುಕೊಳ್ಳೋಣ. ಈಗ ಸಾಧನದ ಮಾತು.

ಇ-ರೀಡರ್‌ನ ಪರದೆ ಮೊಬೈಲಿನದರಂತಲ್ಲ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿದ್ದು, ಒಳಗೆ ಕಪ್ಪು ಬಿಳಿ ಕಣಗಳು ತೇಲುತ್ತಿರುತ್ತವೆ. ವಿದ್ಯುತ್ತಿನ ಸೆಳೆತಕ್ಕೆ ಕಪ್ಪು ಕಣ ಮೇಲೆ ಬಂದರೆ ಅಲ್ಲಿ ಅಕ್ಷರ ಮೂಡುತ್ತದೆ. ಒಮ್ಮೆ ಮೂಡಿದ ಪುಟ ವಿದ್ಯುತ್ ಇಲ್ಲದೆಯೂ ಹಾಗೇ ನಿಲ್ಲುತ್ತದೆ. ಆದ್ದರಿಂದ ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ, ಬಿಸಿಲಿನಲ್ಲೂ ಕಾಗದದಂತೆಯೇ ಕಾಣುತ್ತದೆ. ಈ 'ಇ-ಇಂಕ್' ತಂತ್ರ ಅಮೆರಿಕದ ಎಂಐಟಿಯಲ್ಲಿ ಹುಟ್ಟಿ 1997ರಲ್ಲಿ ಕಂಪೆನಿಯಾಯಿತು. ಅಮೆಜಾನ್‌ನ ಕಿಂಡಲ್ ಬಂದದ್ದು 2007ರ ನವೆಂಬರಿನಲ್ಲಿ. ತೂಕವೂ ಕಡಿಮೆ, ಸಣ್ಣವು ಸುಮಾರು 160ರಿಂದ 210 ಗ್ರಾಂ. ಕೀಲುನೋವಿನ ಬೆರಳುಗಳಿಗೆ ಇದು ಸಣ್ಣ ಸಂಗತಿಯಲ್ಲ. ದಪ್ಪ ಅಕ್ಷರದ ಮುಸ್‌ಹಫ್ ಒಂದು ಕಿಲೋ ಮೀರುವುದುಂಟು. ರೆಹಲ್ ಇಲ್ಲದೆ ಅದನ್ನು ಹಿಡಿಯಲಾಗದು.

ಟ್ಯಾಬ್ಲೆಟ್ ಮತ್ತು ಮೊಬೈಲ್ ತಾವೇ ಬೆಳಕು ಸೂಸುತ್ತವೆ. "ಬೆಳಕು ಸೂಸುವ ಪರದೆ ಕಣ್ಣು ಹಾಳುಮಾಡುತ್ತದೆ, ಕಾಗದವೇ ಒಳ್ಳೆಯದು" ಎಂಬ ಮಾತನ್ನು ನೀವು ಕೇಳಿರುತ್ತೀರಿ. ಹಿರಿಯರ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಜರ್ಮನಿಯ ಮೈಂಝ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಯುವಕರಿಗೂ ಅರವತ್ತು ದಾಟಿದವರಿಗೂ ಕಾಗದ, ಇ-ರೀಡರ್, ಟ್ಯಾಬ್ಲೆಟ್ ಮೂರರಲ್ಲೂ ಓದಲು ಕೊಟ್ಟು ಕಣ್ಣಿನ ಚಲನೆಯನ್ನೂ ಮಿದುಳಿನ ಅಲೆಗಳನ್ನೂ ಅಳೆದರು. ಎರಡೂ ಗುಂಪಿನವರು ಇಷ್ಟವಾದದ್ದು ಕಾಗದವೇ ಎಂದರು. ಆದರೆ ಅಳತೆಯ ಪ್ರಕಾರ ಹಿರಿಯರು ಟ್ಯಾಬ್ಲೆಟ್‌ನಲ್ಲಿ ಹೆಚ್ಚು ಬೇಗ, ಕಡಿಮೆ ಶ್ರಮದಲ್ಲಿ ಓದಿದ್ದರು. ಹಿನ್ನೆಲೆಯ ಬೆಳಕಿನಿಂದ ಅಕ್ಷರಕ್ಕೂ ಪುಟಕ್ಕೂ ನಡುವಿನ ವ್ಯತ್ಯಾಸ ಎದ್ದು ಕಾಣುವುದೇ ಕಾರಣವಿರಬೇಕೆಂದು ಅವರು ವಿವರಿಸಿದರು. ಕಡಿಮೆ ಬೆಳಕು ತಲುಪುವ ಕಣ್ಣಿನ ಬಗ್ಗೆ ಮೇಲೆ ಹೇಳಿದ್ದು ನಿಮಗೆ ನೆನಪಿರಬಹುದು. ನಮ್ಮ ಸಲಹೆ ಇಷ್ಟೆ: ಮನೆಯಲ್ಲಿ ಈಗಾಗಲೇ ಒಂದು ಟ್ಯಾಬ್ಲೆಟ್ ಇದ್ದರೆ ಮೊದಲು ಅದರಲ್ಲೇ ಓದಿಸಿ ನೋಡಿ. ಹೊಸ ಇ-ರೀಡರ್‌ಗೆ ಹಣ ಹಾಕುವುದು ಆಮೇಲಿನ ಮಾತು.

ಹೀಗೆ ಹೇಳಲು ಇನ್ನೊಂದು ಕಾರಣವೂ ಇದೆ, ಅದು ಭಾಷೆ. ಅಮೆಜಾನ್ 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಮೈಲ್ಯಾಂಗ್, ವಿವಿಡ್‌ಲಿಪಿಯಂಥ ಆ್ಯಪ್‌ಗಳ ಮೂಲಕ, ಅಂದರೆ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗಳಲ್ಲಿ. ಕರ್ನಾಟಕದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಉಚಿತ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ವಿಚಾರಿಸಿದರೆ ಹೇಗೆ ನೋಂದಾಯಿಸುವುದೆಂದು ತೋರಿಸಿಕೊಡುತ್ತಾರೆ.

ಮೂರು ಲಿಪಿ, ಮೂರು ತೊಡಕು

ದಾವಣಗೆರೆ, ಹರಿಹರದ ಕಡೆಯ ನಮ್ಮ ಮನೆಗಳಲ್ಲಿ ಒಬ್ಬರೇ ಹಿರಿಯರು ಮೂರು ಲಿಪಿ ಓದುತ್ತಾರೆ. ಅರಬಿ, ಉರ್ದು, ಕನ್ನಡ. ಇಂಗ್ಲಿಷ್ ಓದುಗರಿಗಾಗಿ ಬರೆದ ಸಲಹೆಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕನ್ನಡದಲ್ಲಿ ಅಕ್ಷರಕ್ಕಿಂತ ಒತ್ತು ಸಣ್ಣದು. ಮೇಲಿನ ಅಕ್ಷರ ಸ್ಪಷ್ಟವಾಗಿ ಕಂಡರೂ ಕೆಳಗಿನ ಒತ್ತಕ್ಷರ ಕರಗಿ ಹೋಗುತ್ತದೆ. ದೀರ್ಘದ ಕೊಂಬು ಇದೆಯೋ ಇಲ್ಲವೋ ತಿಳಿಯುವುದಿಲ್ಲ. ಆದ್ದರಿಂದ ಅಕ್ಷರದ ಗಾತ್ರ ಇಂಗ್ಲಿಷಿಗಿಂತ ಒಂದೆರಡು ಹೆಜ್ಜೆ ಹೆಚ್ಚೇ ಇರಲಿ, ಸಾಲುಗಳ ನಡುವಿನ ಅಂತರವೂ ಹೆಚ್ಚಿರಲಿ. ಅಳತೆ ಮಾಡಲು ಸುಲಭದ ದಾರಿ: ಒತ್ತಕ್ಷರ ತುಂಬಿರುವ ಒಂದು ಸಾಲನ್ನು ಹಿರಿಯರಿಂದ ಗಟ್ಟಿಯಾಗಿ ಓದಿಸಿ. ತಡವರಿಸದೆ ಓದುವ ಗಾತ್ರಕ್ಕಿಂತ ಇನ್ನೊಂದು ಹೆಜ್ಜೆ ದೊಡ್ಡದು ಮಾಡಿ. ಕಷ್ಟಪಟ್ಟು ಕಾಣುವ ಗಾತ್ರದಲ್ಲಿ ಯಾರೂ ಹತ್ತು ಪುಟ ಓದುವುದಿಲ್ಲ.

ಉರ್ದುವಿನ ತೊಡಕು ಬೇರೆ. ನಮ್ಮ ಹಿರಿಯರು ಕಲಿತದ್ದು ನಸ್ತಾಲೀಕ್ ಬರಹ. ಅದರಲ್ಲಿ ಪದ ಮೇಲಿನಿಂದ ಕೆಳಗೆ ಓರೆಯಾಗಿ ಇಳಿಯುತ್ತದೆ. ಎಷ್ಟೋ ಸಾಧನಗಳು ಉರ್ದುವನ್ನು ಅರಬಿಯಂತೆ ನೇರ ಸಾಲಿನ ನಸ್ಖ್‌ನಲ್ಲಿ ತೋರಿಸುತ್ತವೆ. ಆಗ ಎಲ್ಲ ಅಕ್ಷರವೂ ಗುರುತಿನದ್ದೇ ಆದರೂ ಓದು ಸಾಗುವುದಿಲ್ಲ. "ಇದು ಉರ್ದು ಅಲ್ಲ" ಎಂದು ಹಿರಿಯರು ಬದಿಗಿಡುತ್ತಾರೆ, ಅವರ ಮಾತಿನಲ್ಲಿ ಅರ್ಥವಿದೆ. ಆ್ಯಪ್‌ನಲ್ಲಿ ನಸ್ತಾಲೀಕ್ ಆಯ್ಕೆ ಇದೆಯೇ ನೋಡಿ. ರೇಖ್ತಾದಂಥ ತಾಣಗಳಲ್ಲಿ ಹಳೆಯ ಉರ್ದು ಪುಸ್ತಕಗಳು ಮೂಲ ಪುಟದ ಚಿತ್ರವಾಗಿಯೇ ಸಿಗುತ್ತವೆ, ಬರಹ ಪರಿಚಿತವಾಗಿರುತ್ತದೆ.

ಆದರೆ ಪುಟದ ಚಿತ್ರ ಎಂಬುದೇ ಒಂದು ಸಮಸ್ಯೆ. ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಉಡುಗೊರೆಯ ಸಾಧನಗಳು ಕಪಾಟು ಸೇರುವುದು ಹೆಚ್ಚಾಗಿ ಇದರಿಂದಲೇ. ಇ-ಪುಸ್ತಕದಲ್ಲಿ ಎರಡು ಜಾತಿ. ಒಂದರಲ್ಲಿ ಅಕ್ಷರಗಳು ಹರಿಯುತ್ತವೆ. ದೊಡ್ಡದು ಮಾಡಿದರೆ ಸಾಲಿಗೆ ಕಡಿಮೆ ಪದ ಬರುತ್ತದೆ, ಪುಟಗಳು ಹೆಚ್ಚಾಗುತ್ತವೆ, ಓದು ನೇರವಾಗಿ ಸಾಗುತ್ತದೆ. ಇನ್ನೊಂದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದನ್ನು ದೊಡ್ಡದು ಮಾಡಿದರೆ ಪುಟವೇ ಪರದೆಯಿಂದ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಎಡಕ್ಕೆ ಬಲಕ್ಕೆ ಎಳೆಯಬೇಕು. ನಡುಗುವ ಕೈಯವರು ಎರಡೇ ನಿಮಿಷದಲ್ಲಿ ಸಾಕುಮಾಡುತ್ತಾರೆ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಪುಸ್ತಕಗಳು, ಪತ್ರಿಕೆಗಳು ಬಹುತೇಕ ಈ ಜಾತಿಯವು. ಸಾಧನವನ್ನು ಅಡ್ಡ ತಿರುಗಿಸಿ, ಪುಟದ ಅಗಲವನ್ನು ಪರದೆಯ ಅಗಲಕ್ಕೆ ಹೊಂದಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಅದಕ್ಕೆ ಹತ್ತು ಇಂಚಿನ ಪರದೆಯಾದರೂ ಬೇಕು. ಆರು ಇಂಚಿನ ಇ-ರೀಡರ್‌ನಲ್ಲಿ ಪಿಡಿಎಫ್ ಓದುವುದು ಶಿಕ್ಷೆಯೇ ಸರಿ.

ಕುರ್‌ಆನ್‌ನಲ್ಲಿ ಚುಕ್ಕೆಯೊಂದು, ಜೇರ್-ಜಬರ್ ಒಂದು ತಪ್ಪಿದರೆ ಅರ್ಥವೇ ಬದಲಾಗಬಹುದು. ಕಣ್ಣು ಮಂಜಾದ ಹಿರಿಯರು ಓದು ನಿಲ್ಲಿಸಲು ಈ ಭಯವೂ ಕಾರಣ. ದೊಡ್ಡ ಅಕ್ಷರ ಇಲ್ಲಿ ನಿಜಕ್ಕೂ ನೆರವಿಗೆ ಬರುತ್ತದೆ. ಒಂದು ವಿಷಯ ಗಮನಿಸಿ: ಹೆಚ್ಚಿನ ಆ್ಯಪ್‌ಗಳು ಮೊದಲಿಗೆ ತೋರಿಸುವುದು ಮದೀನಾ ಮುದ್ರಣದ ಉಸ್ಮಾನಿ ಬರಹವನ್ನು. ನಮ್ಮ ಹಿರಿಯರು ಬಾಲ್ಯದಲ್ಲಿ ಮದ್ರಸದಲ್ಲಿ ಕಲಿತದ್ದು ಹಿಂದುಸ್ತಾನಿ ಮುದ್ರಣದಲ್ಲಿ. ಚಿಹ್ನೆಗಳನ್ನು ಇಡುವ ರೀತಿ ಎರಡರಲ್ಲೂ ಒಂದೇ ಅಲ್ಲ. ಸೆಟ್ಟಿಂಗ್‌ಗೆ ಹೋಗಿ 'ಇಂಡೋಪಾಕ್' ಎಂಬುದನ್ನು ಆರಿಸಿ ಕೊಡಿ. ಆಗ ಅವರ ಮುಖದಲ್ಲಿ ಆಗುವ ಬದಲಾವಣೆಯನ್ನು ನೀವೇ ಕಾಣುವಿರಿ. ವುಝೂ ಇಲ್ಲದೆ ಪರದೆ ಮುಟ್ಟಬಹುದೇ ಎಂಬ ಪ್ರಶ್ನೆ ಈ ಪುಟದ್ದಲ್ಲ, ಅದನ್ನು ಬಲ್ಲವರಲ್ಲಿ ಕೇಳಿ.

ರಾತ್ರಿಯ ಓದು ಮತ್ತು ಶುಚಿತ್ವ

ಇಶಾ ಮುಗಿಸಿ ಮಲಗುವವರು ಹಾಸಿಗೆಯಲ್ಲಿ ಹೊಳೆಯುವ ಪರದೆ ಹಿಡಿಯುವುದು ಬೇಡ. ಅಮೆರಿಕದಲ್ಲಿ ಹಾರ್ವರ್ಡ್‌ನ ವೈದ್ಯರು ಹನ್ನೆರಡು ಮಂದಿಯ ಮೇಲೆ ನಡೆಸಿ 2014ರ ಕೊನೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುನ್ನ ಬೆಳಕು ಸೂಸುವ ಪರದೆಯಲ್ಲಿ ಓದಿದವರಿಗೆ ಕಾಗದ ಓದಿದವರಿಗಿಂತ ನಿದ್ದೆ ಹತ್ತಲು ಸರಾಸರಿ ಹತ್ತು ನಿಮಿಷ ಹೆಚ್ಚು ಹಿಡಿಯಿತು, ನಿದ್ದೆ ತರುವ ಮೆಲಟೋನಿನ್ ಕಡಿಮೆಯಾಗಿತ್ತು. ಅವರೆಲ್ಲ ಯುವಜನರು, ದಿನಕ್ಕೆ ನಾಲ್ಕು ಗಂಟೆ ಓದಿದವರು. ಆದ್ದರಿಂದ ಗಾಬರಿ ಬೇಡ. ಆದರೂ ಮೊದಲೇ ನಿದ್ದೆ ಕಡಿಮೆ ಇರುವ ವಯಸ್ಸಿನಲ್ಲಿ, ಫಜ್ರ್‌ಗೆ ಏಳಬೇಕಾದವರಿಗೆ, ಟ್ಯಾಬ್ಲೆಟ್ ಓದು ಅಸರ್‌ನ ಹೊತ್ತಿಗೆ ಇದ್ದರೆ ಚೆನ್ನ.

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದು ಬಹಳ ಕಡಿಮೆಯಾಗುತ್ತದೆ. ಹಿರಿಯರಲ್ಲಿ ಕಣ್ಣೀರು ಮೊದಲೇ ಕಡಿಮೆ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆಯೆತ್ತಿ ಅಂಗಳದಾಚೆ ನೋಡಲಿ, ಕಣ್ಣು ಮುಚ್ಚಿ ತೆರೆಯಲಿ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬೀಳದಿರಲಿ.

ಒಂದೇ ಟ್ಯಾಬ್ಲೆಟ್ ಅಡುಗೆಮನೆ, ಮಕ್ಕಳ ಆಟ, ದಾದಾ ಅವರ ಓದು ಎಲ್ಲಕ್ಕೂ ಸುತ್ತುವ ಮನೆಗಳಲ್ಲಿ ಪರದೆಯ ಮೇಲಿನ ಕೊಳೆ ಬೆರಳಿನಿಂದ ಕಣ್ಣಿಗೆ ಹೋಗುತ್ತದೆ. ದಿನಕ್ಕೊಮ್ಮೆ ಆಫ್ ಮಾಡಿ, ಕನ್ನಡಕ ಒರೆಸುವಂಥ ಮೆತ್ತನೆಯ ಬಟ್ಟೆಯನ್ನು ಅರೆತೇವ ಮಾಡಿ ಒರೆಸಿ. ನೀರನ್ನಾಗಲಿ ಸ್ಪ್ರೇಯನ್ನಾಗಲಿ ನೇರ ಪರದೆಗೆ ಹಾಕಬಾರದು. ಮನೆಯಲ್ಲಿ ಯಾರಿಗಾದರೂ ಕಣ್ಣು ಬಂದಿದ್ದರೆ ಅದು ವಾಸಿಯಾಗುವತನಕ ಸಾಧನ, ಟವೆಲ್, ಸುರ್ಮಾ ಕಡ್ಡಿ ಯಾವುದನ್ನೂ ಹಂಚಿಕೊಳ್ಳಬೇಡಿ. ಸುರ್ಮಾದ ಮಾತು ಬಂತಾದ್ದರಿಂದ ಹೇಳುವುದು: ಮಾರುಕಟ್ಟೆಯ ಕೆಲವು ಸುರ್ಮಾಗಳಲ್ಲಿ ಸೀಸ ಇರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಶಸ್ತ್ರಚಿಕಿತ್ಸೆಯಾದ ಕಣ್ಣಿಗಂತೂ ವೈದ್ಯರು ಹೇಳದೆ ಅದನ್ನು ಹಚ್ಚಲೇಬಾರದು.

ಎಷ್ಟು ದೊಡ್ಡದು ಮಾಡಿದರೂ ಅಕ್ಷರ ಹಿಡಿಯದ ಕಣ್ಣುಗಳೂ ಇವೆ. ಅವರಿಗೆ ಕಿವಿ ಇದೆ. ಆ್ಯಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವಿದೆ. ಸೆಟ್ಟಿಂಗ್‌ನ 'ಆ್ಯಕ್ಸೆಸಿಬಿಲಿಟಿ' ವಿಭಾಗದಲ್ಲಿ ಅದನ್ನು ತೆರೆಯಬಹುದು. ಪಿಡಿಎಫ್ ಚಿತ್ರಗಳನ್ನು ಅದು ಸರಿಯಾಗಿ ಓದದು, ಹರಿಯುವ ಅಕ್ಷರವಾದರೆ ಓದುತ್ತದೆ. ಕುರ್‌ಆನ್‌ಗೆ ಈ ಯಂತ್ರದ ಧ್ವನಿ ಬೇಡ, ಖಾರಿಗಳ ಪಾರಾಯಣವೇ ಬೇಕಾದಷ್ಟು ಸಿಗುತ್ತದೆ.

ಕಲಿಸುವಾಗ ಮೊದಲ ವಾರ ಒಂದೇ ಪುಸ್ತಕ ಹಾಕಿ ಕೊಡಿ. ಅವರು ಹಿಂದೆ ಓದಿ ಮೆಚ್ಚಿದ್ದಾದರೆ ಉತ್ತಮ. ಪುಟ ತಿರುಗಿಸುವುದು, ಆನ್ ಮಾಡುವುದು ಎರಡನ್ನಷ್ಟೇ ಹೇಳಿಕೊಡಿ. ಬ್ಯಾಂಕಿನ ಸಂದೇಶ, ಜಾಹೀರಾತು ನಡುವೆ ಹಾರಿ ಬರದಂತೆ ನೋಟಿಫಿಕೇಶನ್ ಮುಚ್ಚಿ, ಪಾಸ್‌ವರ್ಡ್ ತೆಗೆದುಬಿಡಿ. ವೈದ್ಯರ ಬಳಿಗೆ ಹೋಗುವ ದಿನ ಆ ಸಾಧನವನ್ನೂ, ಮನೆಯಲ್ಲಿ ಓದುವ ಮುಸ್‌ಹಫ್ ಅಥವಾ ಪತ್ರಿಕೆಯನ್ನೂ, ಹಳೆಯ ಕನ್ನಡಕವನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಹಿರಿಯರು ಎಷ್ಟು ದೂರದಲ್ಲಿ ಹಿಡಿದು ಓದುತ್ತಾರೆ ಎಂಬುದನ್ನು ಅಲ್ಲೇ ತೋರಿಸಿದರೆ ಆ ದೂರಕ್ಕೇ ಕನ್ನಡಕ ಬರೆಯುತ್ತಾರೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಮಂಜಾಗಿರುತ್ತದೆ, ಬಿಸಿಲು ಕಣ್ಣು ಕುಕ್ಕುತ್ತದೆ. ಆ ದಿನ ಅವರನ್ನು ಒಬ್ಬರೇ ಬಸ್ಸಿಗೆ ಹತ್ತಿಸಬೇಡಿ, ಜೊತೆಗೊಬ್ಬರು ಹೋಗಿ.